ಬಿಸಿಲೂ ಬಿರಡೆಯೂ

ಬೇಸಗೆಯ ಆರಂಭದಲ್ಲಿ ಮಾವಿನ ಮಿಡಿಯನ್ನು ಭರಣಿಗೆ ತುಂಬುವ ಮನೆಯೊಡತಿಯು ಅದನ್ನು ಕಂಠಮಟ್ಟ ತುಂಬದೆ, ಮೇಲೆ ನಾಲ್ಕು ಬೆರಳಷ್ಟು ಎಡೆಯನ್ನು ಬಿಟ್ಟು, ಬಾಯಿಗೆ ಬಟ್ಟೆ ಬಿಗಿದು, ಒಲೆಯ ಝಳವೂ ಕಿಟಕಿಯ ಬಿಸಿಲೂ ತಾಗದ ಕತ್ತಲೆಯ ಮೂಲೆಯಲ್ಲಿ ಇರಿಸುವುದನ್ನು ನಮ್ಮಲ್ಲಿ ಕಾಣದವರು ಯಾರೂ ಇರಲಾರರು. ಉಬ್ಬುವ ವಸ್ತುವಿಗೆ ಉಬ್ಬಲು ಎಡೆಯಿರಬೇಕು, ಮಾಗುವ ವಸ್ತುವಿಗೆ ತಂಪೂ ಕತ್ತಲೆಯೂ ಬೇಕು ಎಂಬ ಎರಡು ತತ್ತ್ವಗಳನ್ನು ಆಕೆ ಯಾವ ಶಾಸ್ತ್ರಗ್ರಂಥದಿಂದಲೂ ಕಲಿತವಳಲ್ಲ. ಅತ್ತೆಯ ಕೈಯನ್ನು ನೋಡಿ ಕಲಿತವಳು. ಫ್ರಾನ್ಸಿನ ಬೋರ್ಡೊ ಪ್ರಾಂತದಲ್ಲಾಗಲಿ, ಕ್ಯಾಲಿಫೋರ್ನಿಯದ ನಾಪಾ ಕಣಿವೆಯಲ್ಲಾಗಲಿ, ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಾಗಲಿ ದ್ರಾಕ್ಷಿಯಿಂದ ವೈನ್ ತಯಾರಿಸುವವನೂ ಇವೇ ಎರಡು ತತ್ತ್ವಗಳಿಗೆ ಕಟ್ಟುಬಿದ್ದವನು. ಆತನೂ ಸೀಸೆಯ ಕೊರಳಿನಲ್ಲಿ ಬಿರಡೆಯ ಕೆಳಗೆ ಒಂದು ಒಂದೂವರೆ ಸೆಂಟಿಮೀಟರಿನಷ್ಟು ಸ್ಥಳವನ್ನು ಬರಿದಾಗಿ ಬಿಡುತ್ತಾನೆ. ಆತನೂ ತನ್ನ ಸರಕನ್ನು ಕತ್ತಲೆಯ ನೆಲಮಾಳಿಗೆಯಲ್ಲಿ ಮಾಗಿಸುತ್ತಾನೆ. ಭೇದವಿರುವುದು ಒಂದೇ ಅಂಶದಲ್ಲಿ: ಭರಣಿಯು ಹುಟ್ಟಿದ ಮನೆಯಲ್ಲಿಯೇ ಉಳಿಯುವುದು, ಸೀಸೆಯಾದರೋ ಕೊಂಡವನ ಮನೆಗೆ, ಅದು ಸಾವಿರಾರು ಮೈಲಿಗಳಾಚೆಯ ಸುಡುವ ಮರಳುಗಾಡಿನಲ್ಲಿದ್ದರೂ, ಹೋಗಿ ತಲುಪಲೇಬೇಕು. ಆ ಪ್ರಯಾಣದ ಕಷ್ಟವೂ ಅದನ್ನು ನಿವಾರಿಸಲು ಮನುಷ್ಯನು ಹೂಡಿದ ಉಪಾಯಗಳೂ ಈ ಲೇಖನದ ವಿಷಯ.

ಮದ್ಯಪಾನವು ಹಿತವೋ ಅಹಿತವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶವಿಲ್ಲ. ವೈನನ್ನು ಬಾಯಿಗೆ ತಾಗಿಸದವರಿಗೂ ಈ ವಿಷಯದಲ್ಲಿ ತಿಳಿಯತಕ್ಕುದು ಉಂಟು. ಏಕೆಂದರೆ ಹಾಲು, ಹೂವು, ಔಷಧ, ಮಕ್ಕಳಿಗೆ ಚುಚ್ಚುವ ಲಸಿಕೆ ಇವೆಲ್ಲವೂ ಬಿಸಿಲಿನ ಹಾದಿಯಲ್ಲಿ ಇದೇ ಶತ್ರುವನ್ನು ಎದುರಿಸಿ ಇದೇ ಬಗೆಯ ರಕ್ಷಣೆಯನ್ನು ಬೇಡುತ್ತವೆ.

ಮೊದಲು ಶತ್ರುವಿನ ಸ್ವಭಾವವನ್ನು ಅರಿಯೋಣ. ವೈನನ್ನು ಕಾಪಿಡಲು ತಕ್ಕ ಉಷ್ಣತೆಯು ಸುಮಾರು 13 ಡಿಗ್ರಿ ಸೆಲ್ಸಿಯಸ್ ಎಂದು ಬಲ್ಲವರು ಹೇಳುತ್ತಾರೆ. ಯುರೋಪಿನ ನೆಲಮಾಳಿಗೆಗಳಲ್ಲಿ ಇದು ಯಾವ ಯಂತ್ರದ ನೆರವೂ ಇಲ್ಲದೆ ಹೆಚ್ಚುಕಡಿಮೆ ವರ್ಷವಿಡೀ ಒದಗುವುದು. ನಮ್ಮ ಹಿರಿಯರು ರಾಗಿಯನ್ನು ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದುದರ ಮರ್ಮವೂ ಇದಕ್ಕೆ ದೂರವಾದುದಲ್ಲ: ನೆಲದ ಆಳದಲ್ಲಿ ಹಗಲಿರುಳುಗಳ ಏರಿಳಿತವಿಲ್ಲ, ಬಿಸಿಲುಮಳೆಗಳ ಸುದ್ದಿಯೂ ಬೇಗನೆ ಮುಟ್ಟುವುದಿಲ್ಲ. ಇಂತಹ ನಿಶ್ಚಲವಾದ ತಂಪಿನಿಂದ ಹೊರಬಿದ್ದ ಸೀಸೆಯು 40 ಡಿಗ್ರಿಯ ಬಿಸಿಗೆ ಸಿಲುಕಿದಾಗ ನಡೆಯುವ ಮೊದಲ ಅನರ್ಥವು ಶುದ್ಧ ಭೌತಿಕವಾದುದು. 750 ಮಿಲಿಲೀಟರ್ ವೈನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ ಅದರ ಗಾತ್ರವು ಸರಿಸುಮಾರು ಐದು ಮಿಲಿಲೀಟರಿನಷ್ಟು, ಎಂದರೆ ಒಂದು ಚಹಾ ಚಮಚೆಯಷ್ಟು, ಹೆಚ್ಚುವುದು. ಚಮಚೆಯ ಅಳತೆ ಅಲ್ಪವೆಂದು ತೋರಬಹುದು. ಆದರೆ ಅದು ಏರಬೇಕಾದುದು ಬೆರಳಗಲದ ಕೊರಳಿನಲ್ಲಿ. ತಯಾರಕನು ಬಿಟ್ಟಿದ್ದ ಎಡೆಯನ್ನು ಆ ಒಂದು ಚಮಚೆಯೇ ನುಂಗಿ, ಅಲ್ಲಿದ್ದ ಗಾಳಿಯನ್ನು ಅದುಮಿ, ಬಿರಡೆಯನ್ನು ಮೇಲಕ್ಕೆ ದೂಡುತ್ತದೆ. ಬಿರಡೆಯ ಅಂಚಿನಿಂದ ನಾಲ್ಕಾರು ಹನಿಗಳು ಹೊರಕ್ಕೆ ಜಿನುಗುತ್ತವೆ. ರಾತ್ರಿಯಾಗಿ ಸೀಸೆಯು ತಣಿದಾಗ ಒಳಗಿನ ದ್ರವವು ಕುಗ್ಗಿ, ಹೊರಗಿನ ಗಾಳಿಯು ಅದೇ ದಾರಿಯಿಂದ ಒಳನುಗ್ಗುವುದು. ಹಗಲು ಹನಿ ಹೊರಕ್ಕೆ, ಇರುಳು ಗಾಳಿ ಒಳಕ್ಕೆ. ಹೀಗೆ ಸೀಸೆಯು ಉಸಿರಾಡತೊಡಗಿದರೆ ಆಮ್ಲಜನಕವು ಒಳಹೊಕ್ಕು ಬಣ್ಣವನ್ನು ಕಂದಿಸಿ ಪರಿಮಳವನ್ನು ಅಡಗಿಸಿಬಿಡುತ್ತದೆ.

ಎರಡನೆಯ ಅನರ್ಥವು ರಾಸಾಯನಿಕವಾದುದು. ಕಣ್ಣಿಗೆ ಕಾಣದುದಾದ್ದರಿಂದ ಇನ್ನೂ ಕ್ರೂರವಾದುದು. ಉಷ್ಣತೆಯು ಹತ್ತು ಡಿಗ್ರಿ ಏರಿದಂತೆಲ್ಲ ರಾಸಾಯನಿಕ ಕ್ರಿಯೆಗಳ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಪ್ರಥಮಪಾಠಗಳಲ್ಲೊಂದು. ಅದರಂತೆ 13 ಡಿಗ್ರಿಯಲ್ಲಿರಬೇಕಾದ ಸೀಸೆಯು 33 ಡಿಗ್ರಿಯಲ್ಲಿ ಒಂದು ತಿಂಗಳು ಕಳೆದರೆ ಅದಕ್ಕೆ ನಾಲ್ಕು ತಿಂಗಳ ವಯಸ್ಸು ಕೂಡಿತೆಂದು ಲೆಕ್ಕ ಹಾಕಬಹುದು. ಹಾಗಾದರೆ ಬಿಸಿಲಿನಲ್ಲಿರಿಸಿ ಬೇಗನೆ ಮಾಗಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ಮಾವಿನ ಹಣ್ಣೇ ಹೇಳಬಲ್ಲುದು. ಮರದಲ್ಲಿ ಬಲಿತು ಹುಲ್ಲಿನ ನಡುವೆ ನಿಧಾನವಾಗಿ ಹಣ್ಣಾದ ಕಾಯಿಗೂ, ಕಾರ್ಬೈಡಿನ ಪೊಟ್ಟಣವನ್ನಿಟ್ಟು ಎರಡು ದಿನದಲ್ಲಿ ಬಣ್ಣ ಬರಿಸಿದ ಕಾಯಿಗೂ ಇರುವ ಅಂತರವೇ ಇಲ್ಲಿಯೂ ಇರುವುದು. ವೈನಿನೊಳಗೆ ನಡೆಯುವ ನೂರಾರು ಕ್ರಿಯೆಗಳೆಲ್ಲವೂ ಬಿಸಿಗೆ ಸಮಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಕೆಲವು ಓಡುತ್ತವೆ, ಕೆಲವು ನಡೆಯುತ್ತವೆ, ಅವುಗಳ ಮೇಳ ತಪ್ಪುತ್ತದೆ. ಕೆಡದಂತೆ ಕಾಯುವುದಕ್ಕೆಂದು ಸೇರಿಸಿದ ಗಂಧಕದ ಡೈಆಕ್ಸೈಡು ಬೇಗನೆ ವ್ಯಯವಾಗುತ್ತದೆ. ತಾಜಾ ಹಣ್ಣಿನ ಸುವಾಸನೆಯ ಬದಲಿಗೆ ಬೇಯಿಸಿದ ಹಣ್ಣಿನ, ಸೀದ ಸಕ್ಕರೆಯ ವಾಸನೆ ಬರುತ್ತದೆ. ಇಂತಹುದನ್ನು ರಸಜ್ಞರು ‘ಬೆಂದ ವೈನ್’ ಎಂದು ಕರೆಯುತ್ತಾರೆ. ಬೆಂದುದನ್ನು ಮತ್ತೆ ಹಸಿಯಾಗಿಸುವ ವಿದ್ಯೆ ಅಡಿಗೆಯ ಮನೆಯಲ್ಲಿ ಹೇಗೆ ಇಲ್ಲವೋ ಹಾಗೆಯೇ ವೈನಿನ ಮನೆಯಲ್ಲಿಯೂ ಇಲ್ಲ.

ಇವೆರಡರ ಜೊತೆಗೆ ಸಣ್ಣಪುಟ್ಟ ಉಪದ್ರವಗಳೂ ಉಂಟು. ಬಿಳಿಯ ವೈನಿನಲ್ಲಿ ಕರಗಿರುವ ದ್ರಾಕ್ಷಿಯ ಪ್ರೋಟೀನುಗಳು ಬಿಸಿಗೆ ಗಟ್ಟಿಕಟ್ಟಿ ಸ್ವಚ್ಛವಾದ ದ್ರವವನ್ನು ಮಂಜು ಕವಿದಂತೆ ಮಾಡುವುದುಂಟು. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಕದಡಿ, ಅದಕ್ಕೆ ಅಂಟಿದ ಪ್ರೋಟೀನನ್ನು ತಳಕ್ಕಿಳಿಸಿ ತೆಗೆದುಬಿಡುವುದರಿಂದ ತಯಾರಕರು ಈ ದೋಷವನ್ನು ಮುಂಚಿತವಾಗಿಯೇ ಕಳೆಯುತ್ತಾರೆ. ಶಾಂಪೇನಿನಂತಹ ನೊರೆಯ ವೈನಿನ ಸೀಸೆಯೊಳಗೆ ವಾಯುಮಂಡಲದ ಐದಾರು ಪಟ್ಟು ಒತ್ತಡವು ಸಾಧಾರಣ ಉಷ್ಣತೆಯಲ್ಲಿಯೇ ಇರುವುದಾದ್ದರಿಂದ, ಅದನ್ನು ಬಿಸಿಲಿಗೊಡ್ಡುವುದು ರುಚಿಗೆ ಮಾತ್ರವಲ್ಲ, ಹಿಡಿದವನ ಕಣ್ಣಿಗೂ ಅಪಾಯಕರ.

ಈ ಶತ್ರುವು ಹೊಸಬನಲ್ಲ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯು, ಇಂದಿನ ಭರೂಚ್ ಆದ ಬಾರಿಗಾಜಾ ಬಂದರಿಗೆ ಇಟಲಿಯ, ಸಿರಿಯಾದ ಲವೋದಿಕೇಯದ ಮತ್ತು ಅರೇಬಿಯದ ವೈನುಗಳು ಬರುತ್ತಿದ್ದುದನ್ನು ಹೇಳುತ್ತದೆ. ಪುದುಚೇರಿಗೆ ಅನತಿದೂರದ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ದೊರೆತ ಆಂಫೊರಾ ಎಂಬ ಎರಡು ಕಿವಿಗಳ, ಚೂಪುತಳದ ಮಣ್ಣಿನ ಕೊಡಗಳ ಚೂರುಗಳು ಆ ಮಾತಿಗೆ ಸಾಕ್ಷಿಯಾಗಿವೆ. ಮೆಡಿಟರೇನಿಯನ್ ತೀರದಲ್ಲಿ ತುಂಬಿದ ಕೊಡವು ಈಜಿಪ್ಟಿನ ಮರಳನ್ನು ದಾಟಿ, ಕೆಂಪು ಸಮುದ್ರದ ಕುದಿಯನ್ನು ಸಹಿಸಿ, ಮುಂಗಾರಿನ ಗಾಳಿಯನ್ನು ಹಿಡಿದು ಕೋರಮಂಡಲದ ತೀರವನ್ನು ಮುಟ್ಟುವ ವೇಳೆಗೆ ಒಳಗಿನ ದ್ರವದ ಗತಿ ಏನಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಆ ಕಾಲದ ವ್ಯಾಪಾರಿಯ ಕೈಯಲ್ಲಿ ತಂಪನ್ನುಂಟುಮಾಡುವ ಯಾವ ಯಂತ್ರವೂ ಇರಲಿಲ್ಲ. ಇದ್ದುದು ಕೊಡದ ಒಳಮೈಗೆ ಬಳಿದ ರಾಳ, ಬಾಯಿಯ ಬಿಗಿಯಾದ ಮುಚ್ಚಳ, ಕೆಲವು ಬಗೆಯ ವೈನಿಗೆ ಬೆರೆಸುತ್ತಿದ್ದ ಸಮುದ್ರದ ಉಪ್ಪುನೀರು, ಇವು ಮಾತ್ರ.

ಪೋರ್ಚುಗೀಸರ ಮಡೀರ ದ್ವೀಪದ ಕಥೆಯು ಇದಕ್ಕಿಂತ ವಿಸ್ಮಯಕರವಾದುದು. ಅಟ್ಲಾಂಟಿಕ್ ಸಾಗರದ ನಡುವೆ, ಇಂಡಿಯಾಕ್ಕೂ ಅಮೆರಿಕಕ್ಕೂ ಹೋಗುವ ಹಡಗುಗಳ ಹಾದಿಯಲ್ಲಿದ್ದ ಈ ದ್ವೀಪದಿಂದ ನಾವಿಕರು ವೈನಿನ ಪೀಪಾಯಿಗಳನ್ನು ಹೇರಿಕೊಳ್ಳುತ್ತಿದ್ದರು. ಕೆಡದಿರಲೆಂದು ಅದಕ್ಕೆ ಬ್ರಾಂದಿಯಂತಹ ಬಲವಾದ ಮದ್ಯವನ್ನು ಬೆರೆಸುವ ವಾಡಿಕೆ ಬೆಳೆಯಿತು. ಉಷ್ಣವಲಯದ ಕಡಲಿನಲ್ಲಿ ಹಡಗಿನ ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಕಾದು ಕುಲುಕಿ, ಮಾರಾಟವಾಗದೆ ಊರಿಗೆ ಮರಳಿದ ಪೀಪಾಯಿಗಳನ್ನು ತೆರೆದು ನೋಡಿದವರಿಗೆ ಆಶ್ಚರ್ಯವೊಂದು ಕಾದಿದ್ದಿತು: ವೈನು ಕೆಟ್ಟಿರಲಿಲ್ಲ, ಮೊದಲಿಗಿಂತ ರುಚಿಯಾಗಿದ್ದಿತು. ಸುತ್ತಿ ಬಂದ ವೈನ್ ಎಂಬರ್ಥದ ‘ವಿನ್ಯು ದ ರೋಡ’ ಎಂಬ ಹೆಸರಿನಿಂದ ಅದು ಹೆಚ್ಚಿನ ಬೆಲೆಗೆ ಮಾರಾಟವಾಗತೊಡಗಿತು. ಮುಂದೆ ಹಡಗಿನಲ್ಲಿ ಸುತ್ತಿಸುವ ವೆಚ್ಚವನ್ನುಳಿಸಲು ದ್ವೀಪದಲ್ಲಿಯೇ ಅದನ್ನು ಕಾಯಿಸುವ ಪದ್ಧತಿ ಹುಟ್ಟಿತು. ಇಂದಿಗೂ ಮಡೀರದಲ್ಲಿ ಸಾಧಾರಣ ದರ್ಜೆಯ ವೈನನ್ನು ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿಯಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಕಾಯಿಸುತ್ತಾರೆ. ಉತ್ತಮ ದರ್ಜೆಯದನ್ನು ಬಿಸಿಲು ಬಡಿಯುವ ಅಟ್ಟಗಳ ಮೇಲೆ ಪೀಪಾಯಿಗಳಲ್ಲಿರಿಸಿ ವರ್ಷಗಟ್ಟಲೆ ಮಾಗಿಸುತ್ತಾರೆ. ಒಮ್ಮೆ ಈ ಅಗ್ನಿಪರೀಕ್ಷೆಯಲ್ಲಿ ತೇರ್ಗಡೆಯಾದ ವೈನಿಗೆ ಆಮೇಲೆ ಯಾವ ನಾಡಿನ ಬಿಸಿಲೂ ಹೆಚ್ಚು ಕೇಡು ಮಾಡಲಾರದು.

ಇಲ್ಲಿಯೇ ಲೂಯಿ ಪಾಶ್ಚರನನ್ನೂ ನೆನೆಯಬೇಕು. ಹಾಲಿನ ಪೊಟ್ಟಣದ ಮೇಲೆ ನಾವು ದಿನವೂ ಓದುವ ‘ಪಾಶ್ಚರೀಕರಣ’ವು ಹಾಲಿಗಾಗಿ ಹುಟ್ಟಿದುದಲ್ಲ, ವೈನಿಗಾಗಿ ಹುಟ್ಟಿದುದು. ಫ್ರಾನ್ಸಿನ ವೈನುಗಳು ಕೆಡುವ ಕಾರಣವನ್ನು ಕಂಡುಹಿಡಿಯಬೇಕೆಂದು 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ಆತನನ್ನು ಕೋರಿದನು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದೂ, ಗಾಳಿ ಸೋಕದಂತೆ 50–60 ಡಿಗ್ರಿಗೆ ಸ್ವಲ್ಪ ಹೊತ್ತು ಕಾಯಿಸಿದರೆ ಅವು ಸಾಯುವುವೆಂದೂ ಪಾಶ್ಚರನು ತೋರಿಸಿ, 1866ರಲ್ಲಿ ವೈನನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ದೂರದ ವಸಾಹತುಗಳಿಗೆ ವೈನನ್ನು ಕಳುಹಿಸಬೇಕಾಗಿದ್ದ ನೌಕಾಪಡೆಗೂ ಈ ಸಂಶೋಧನೆಯಲ್ಲಿ ಆಸಕ್ತಿಯಿದ್ದಿತು. ಕ್ಷಣಕಾಲದ ಬಿಸಿ ಕಾಯುತ್ತದೆ, ದೀರ್ಘಕಾಲದ ಬಿಸಿ ಕೊಲ್ಲುತ್ತದೆ; ಒಂದೇ ಅಗ್ನಿಯು ಕಾಲದ ಅಳತೆಗೆ ತಕ್ಕಂತೆ ವೈದ್ಯನೂ ಆಗುವುದು, ವೈರಿಯೂ ಆಗುವುದು.

ರಾಳ, ಬ್ರಾಂದಿ, ತೊಟ್ಟಿಯ ಕಾವು, ಪಾಶ್ಚರನ ಕಾವು ಇವೆಲ್ಲವೂ ಒಂದೇ ದಾರಿಯ ಉಪಾಯಗಳೆಂಬುದು ಗಮನಿಸತಕ್ಕ ಸಂಗತಿ. ಇವೆಲ್ಲವೂ ಬಿಸಿಲಿಗೆ ತಕ್ಕ ವೈನನ್ನು ಮಾಡಿಕೊಳ್ಳುವ ದಾರಿಗಳು. ವೈನನ್ನು ಬದಲಿಸದೆ, ಅದಕ್ಕೆ ತಕ್ಕ ನೆರಳನ್ನೇ ಅದರೊಡನೆ ಪಯಣಿಸುವಂತೆ ಮಾಡುವುದು ಎರಡನೆಯ ದಾರಿ. ಆ ದಾರಿಯ ಮೊದಲ ದೊಡ್ಡ ಸಾಹಸವನ್ನು ಮಾಡಿದವನು ವೈನಿನ ವ್ಯಾಪಾರಿಯಲ್ಲ, ಮಂಜುಗಡ್ಡೆಯ ವ್ಯಾಪಾರಿ. ಕಲ್ಕತ್ತೆಯ ಆಂಗ್ಲರ ಮನೆಗಳಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಸೀಸೆಗಳನ್ನು ಹೊರಳಿಸಿ ತಂಪುಮಾಡಲು ಆಬ್ದಾರನೆಂಬ ಪ್ರತ್ಯೇಕ ಸೇವಕನೇ ಇರುತ್ತಿದ್ದ ಆ ಕಾಲದಲ್ಲಿ, ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬವನು 1833ರ ಮೇ ತಿಂಗಳಿನಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ನು ಮಂಜುಗಡ್ಡೆಯನ್ನು ತುಂಬಿ ಕಳುಹಿಸಿದನು. ಸೆಪ್ಟೆಂಬರಿನಲ್ಲಿ ಹಡಗು ಕಲ್ಕತ್ತೆಯನ್ನು ಸೇರಿದಾಗ ಸುಮಾರು 100 ಟನ್ನು ಇನ್ನೂ ಕರಗದೆ ಉಳಿದಿದ್ದಿತು. ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿದ ಆ ಮಂಜನ್ನು ಕಾಪಾಡಿದುದು ಮರದ ಹೊಟ್ಟು ಮತ್ತು ಒತ್ತಾಗಿ ಜೋಡಿಸಿದ ಗಡ್ಡೆಗಳ ದೊಡ್ಡ ರಾಶಿ, ಇವೆರಡೇ. ಮದ್ರಾಸಿನಲ್ಲಿ ಈ ಮಂಜನ್ನು ದಾಸ್ತಾನು ಮಾಡಲು ಕಡಲತೀರದಲ್ಲಿ ಕಟ್ಟಿದ ಐಸ್ ಹೌಸಿನಲ್ಲಿಯೇ 1897ರಲ್ಲಿ ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು ತಂಗಿದುದು. ಅದು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಟ್ಯೂಡರನ ಹಡಗು ಕಲಿಸಿದ ಪಾಠವಿಷ್ಟು: ಬಿಸಿಯನ್ನು ತಡೆಯುವ ಹೊದಿಕೆ ಮತ್ತು ಬೇಗನೆ ಕಾಯದಷ್ಟು ದೊಡ್ಡ ರಾಶಿ ಇವೆರಡಿದ್ದರೆ ಶೈತ್ಯವೂ ಸಾಗರವನ್ನು ದಾಟಬಲ್ಲುದು.

ಇಂದು ದೇಶದಿಂದ ದೇಶಕ್ಕೆ ಹೋಗುವ ಉತ್ತಮ ವೈನು ಶೀತಲ ಕಂಟೇನರುಗಳಲ್ಲಿ ಪಯಣಿಸುತ್ತದೆ. ವ್ಯಾಪಾರಿಗಳ ಬಾಯಲ್ಲಿ ಇದರ ಹೆಸರು ರೀಫರ್. ಅಮೆರಿಕದ ಮಾಲ್ಕಮ್ ಮೆಕ್ಲೀನನು 1956ರ ಏಪ್ರಿಲಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ನೂವರ್ಕಿನಿಂದ ಹ್ಯೂಸ್ಟನ್ನಿಗೆ ಹಡಗಿನಲ್ಲಿ ಸಾಗಿಸಿ ಕಂಟೇನರ್ ಯುಗವನ್ನು ಆರಂಭಿಸಿದ ಬಳಿಕ, ಅಂತಹ ಪೆಟ್ಟಿಗೆಗೇ ತಂಪುಯಂತ್ರವನ್ನು ಜೋಡಿಸಿದುದರಿಂದ ರೀಫರ್ ಸಿದ್ಧವಾಯಿತು. ಇದರ ನೆಲದಲ್ಲಿ ಕಾಲುವೆಗಳಂತೆ ತೋಡುಗಳಿರುತ್ತವೆ. ತಂಪುಗಾಳಿಯು ಆ ತೋಡುಗಳ ಮೂಲಕ ಹರಿದು ಸರಕಿನ ನಡುವೆ ಮೇಲಕ್ಕೇರಿ ಯಂತ್ರಕ್ಕೆ ಹಿಂದಿರುಗುತ್ತದೆ. ಆದರೆ ರೀಫರ್ ಎಂಬುದು ತಂಪನ್ನು ಕಾಪಾಡಲು ನಿರ್ಮಿತವಾದುದೇ ಹೊರತು ಕಾದ ಸರಕನ್ನು ತಣಿಸಲು ನಿರ್ಮಿತವಾದುದಲ್ಲ. ಸುಡುವ ಲಾರಿಯಿಂದಿಳಿಸಿದ ಪೆಟ್ಟಿಗೆಗಳನ್ನು ಅದರೊಳಗೆ ಒತ್ತೊತ್ತಾಗಿ ತುಂಬಿ ಯಂತ್ರದ ಮುಳ್ಳನ್ನು 13ಕ್ಕೆ ತಿರುಗಿಸಿಬಿಟ್ಟರೆ, ನಡುವಿನ ಸೀಸೆಗಳು ದಿನಗಟ್ಟಲೆ ಬಿಸಿಯಾಗಿಯೇ ಉಳಿಯುವುವು. ರೀಫರಿನ ಬಾಡಿಗೆಯನ್ನು ತೆರಲಾರದವರು ಸಾಧಾರಣ ಕಂಟೇನರಿನ ಒಳಮೈಗೆ ಬೆಳ್ಳಿಯಂತೆ ಹೊಳೆಯುವ ಹೊದಿಕೆಯನ್ನು ಹಾಸಿ, ಅದನ್ನು ಹಡಗಿನ ಮೇಲ್ಕಟ್ಟಿನಲ್ಲಲ್ಲದೆ ನೀರಿನ ಮಟ್ಟಕ್ಕಿಂತ ಕೆಳಗೆ ಇರಿಸಬೇಕೆಂದು ಹಡಗಿನವರನ್ನು ಕೋರುವುದುಂಟು. ಇನ್ನು ಕೆಲವರು ವೈನನ್ನು ಸೀಸೆಗೆ ತುಂಬದೆಯೇ, 24,000 ಲೀಟರ್ ಹಿಡಿಸುವ ದೊಡ್ಡ ಚೀಲದಲ್ಲಿ ಸಾಗಿಸಿ, ಮಾರುವ ದೇಶದಲ್ಲಿಯೇ ಸೀಸೆಗಳಿಗೆ ತುಂಬಿಸುತ್ತಾರೆ. ಅಂತಹ ಒಂದು ಚೀಲದಲ್ಲಿ 32,000 ಸೀಸೆಗಳ ವೈನು ಅಡಗಿರುತ್ತದೆ. ಟ್ಯೂಡರನ ಮಂಜಿನ ರಾಶಿಯಂತೆ ಇದೂ ತನ್ನ ಗಾತ್ರದಿಂದಲೇ ಬಿಸಿಯನ್ನು ನಿಧಾನಗೊಳಿಸುತ್ತದೆ.

ಈ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಿದವರಿಗೆ ಒಂದು ಸತ್ಯವು ಮನವರಿಕೆಯಾಗದಿರದು: ವೈನು ಕೆಡುವುದು ಚಲಿಸುವಾಗಲ್ಲ, ನಿಂತಾಗ. ನಡುಗಡಲಿನಲ್ಲಿ ಹಡಗಿನ ತಳವನ್ನು ನೀರು ತಂಪಾಗಿಟ್ಟಿರುತ್ತದೆ, ಯಂತ್ರಕ್ಕೆ ವಿದ್ಯುತ್ತು ಸಿಕ್ಕಿರುತ್ತದೆ. ಹಡಗು ಬದಲಾಯಿಸಲು ಕೊಲಂಬೊ ಅಥವಾ ದುಬೈಯ ಜೆಬೆಲ್ ಅಲಿಯಂತಹ ಬಂದರಿನ ಕಟ್ಟೆಯ ಮೇಲೆ ಕಂಟೇನರು ಕಾದುನಿಂತಾಗ, ಸುಂಕದ ಕಾಗದಕ್ಕೆ ಒಂದು ಸಹಿ ಬೀಳುವವರೆಗೆ ಸರಕು ಅಂಗಳದಲ್ಲಿ ಒಣಗಿದಾಗ, ಊಟಕ್ಕೆಂದು ಚಾಲಕನು ಲಾರಿಯನ್ನು ಬಯಲಿನಲ್ಲಿ ನಿಲ್ಲಿಸಿದಾಗ, ಆಗ ಅನಾಹುತವಾಗುವುದು. ನಿಂತ ಲೋಹದ ಪೆಟ್ಟಿಗೆಯೊಳಗಿನ ಬಿಸಿಯು ಹೊರಗಿನ ನೆರಳಿನ ಬಿಸಿಯನ್ನು ಬಹುಬೇಗ ಮೀರುವುದು. ಆದಕಾರಣ ಬೆಲೆಬಾಳುವ ಸರಕಿನ ನಡುವೆ ಉಷ್ಣತೆಯನ್ನು ಗಳಿಗೆಗಳಿಗೆಗೂ ಬರೆದಿಡುವ ಅಂಗೈಯಗಲದ ಉಪಕರಣವೊಂದನ್ನು ಇರಿಸುತ್ತಾರೆ. ಅದು ಬಿಸಿಯನ್ನು ತಡೆಯಲಾರದು. ಆದರೆ ಯಾವ ದಿನ, ಯಾರ ಕೈಯಲ್ಲಿದ್ದಾಗ ಬಿಸಿ ಏರಿತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಕಡಲ ಪಯಣಕ್ಕಿಂತಲೂ ಕಠಿಣವಾದುದು ಕಟ್ಟಕಡೆಯ ಹಾದಿ, ಎಂದರೆ ಉಗ್ರಾಣದಿಂದ ಗಿರಾಕಿಯ ಬಾಗಿಲಿನವರೆಗಿನ ಹಾದಿ. ಇದಕ್ಕೆ ಅಮೆರಿಕ ದೇಶವು ಒಳ್ಳೆಯ ಉದಾಹರಣೆ. ತನ್ನ ರಾಜ್ಯದ ವೈನ್ ತಯಾರಕರಿಗೆ ಗಿರಾಕಿಗಳಿಗೆ ನೇರವಾಗಿ ಕಳುಹಿಸಲು ಅನುಮತಿ ಕೊಟ್ಟು ಹೊರರಾಜ್ಯದವರಿಗೆ ಅದನ್ನು ನಿರಾಕರಿಸುವುದು ಸಲ್ಲದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತ ಮೇಲೆ, ಕ್ಯಾಲಿಫೋರ್ನಿಯದ ಸಣ್ಣ ತಯಾರಕರು ಸಹ ದೂರದ ಮನೆಗಳಿಗೆ ಪೆಟ್ಟಿಗೆಗಳನ್ನು ಕಳುಹಿಸುವುದು ಬೆಳೆಯಿತು. ಆ ಮನೆಗಳಲ್ಲಿ ಎಷ್ಟೋ ಟೆಕ್ಸಸ್, ಅರಿಜೋನ, ಫ್ಲಾರಿಡಗಳಂತಹ ಬಿಸಿಯ ನಾಡುಗಳಲ್ಲಿವೆ. ಅರಿಜೋನದ ಫೀನಿಕ್ಸ್ ನಗರದಲ್ಲಿ 2023ರ ಜೂನ್ 30ರಿಂದ 31 ದಿನಗಳ ಕಾಲ ಒಂದೇ ಸಮನೆ ಹಗಲಿನ ಉಷ್ಣತೆಯು 43 ಡಿಗ್ರಿಯನ್ನು ಮೀರಿದ್ದಿತು. ಇಂತಹ ಊರಿಗೆ ಇಂತಹ ತಿಂಗಳಿನಲ್ಲಿ ವೈನನ್ನು ಕಳುಹಿಸುವುದಾದರೂ ಹೇಗೆ?

ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ಕಳುಹಿಸಿದರಾಯಿತು ಎಂಬುದು ಎಲ್ಲರಿಗೂ ಮೊದಲು ತೋಚುವ ಉತ್ತರ. ಅದರ ಬಲಾಬಲವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಡಜನ್ ಸೀಸೆಗಳಲ್ಲಿ ಒಂಬತ್ತು ಲೀಟರ್ ವೈನಿರುತ್ತದೆ. ಗಾಜನ್ನೂ ಸೇರಿಸಿದರೆ ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ಹತ್ತು ಕಿಲೊಕ್ಯಾಲರಿ ಶಾಖ ಬೇಕು. ಒಂದು ಕಿಲೊ ಮಂಜುಗಡ್ಡೆಯು ಕರಗುವಾಗ 80 ಕಿಲೊಕ್ಯಾಲರಿಯನ್ನು ಹೀರಿಕೊಳ್ಳುತ್ತದೆ. ಎಂದರೆ ಒಂದು ಕಿಲೊ ಮಂಜು ಇಡೀ ಪೆಟ್ಟಿಗೆಯನ್ನು ಎಂಟು ಡಿಗ್ರಿಯ ಏರಿಕೆಯಿಂದ ಮಾತ್ರ ಕಾಪಾಡಬಲ್ಲುದು. ಆ ಮೇಲೆ ಅದು ಬರಿಯ ನೀರಿನ ಚೀಲ. ಇನ್ನು ಥರ್ಮೋಕೋಲಿನ ಗುಣವು ನಮ್ಮ ಕಂಬಳಿಯ ಗುಣದಂತಹುದು. ಕಂಬಳಿಯು ಚಳಿಯಲ್ಲಿ ಮನುಷ್ಯನನ್ನು ಬೆಚ್ಚಗಿಡುವುದು, ಬೇಸಗೆಯಲ್ಲಿ ಸುತ್ತಿಟ್ಟ ಮಂಜುಗಡ್ಡೆಯನ್ನು ಕರಗಗೊಡದು. ಆದರೆ ತಾನಾಗಿ ಬಿಸಿಯನ್ನೂ ಕೊಡಲಾರದು, ತಂಪನ್ನೂ ಕೊಡಲಾರದು, ಬರುವುದನ್ನು ತಡಮಾಡಬಲ್ಲುದು, ಅಷ್ಟೆ. ಆದುದರಿಂದ ಈ ಉಪಾಯವು ಒಂದೆರಡು ದಿನದ ಪಯಣಕ್ಕೆ ಸರಿ, ವಾರದ ಪಯಣಕ್ಕೆ ಸಾಲದು. ಇದೇ ಲೆಕ್ಕದಿಂದ ಇನ್ನೊಂದು ಹಿತೋಕ್ತಿಯೂ ಹೊರಡುತ್ತದೆ. 25 ಡಿಗ್ರಿಯಲ್ಲಿರುವ ವೈನಿನ ಬದಲು ಮುಂಚಿತವಾಗಿಯೇ 13 ಡಿಗ್ರಿಗೆ ತಣಿಸಿದ ವೈನನ್ನು ಪೆಟ್ಟಿಗೆಗಿಳಿಸಿದರೆ, ಒಂದೂವರೆ ಕಿಲೊ ಮಂಜುಗಡ್ಡೆಯನ್ನು ಭಾರವಿಲ್ಲದೆ ಜೊತೆಗಿಟ್ಟಂತಾಗುವುದು.

ಅನುಭವಸ್ಥರಾದ ತಯಾರಕರು ಪೆಟ್ಟಿಗೆಗಿಂತ ಪಂಚಾಂಗವನ್ನು ಹೆಚ್ಚು ನಂಬುತ್ತಾರೆ. ಬೇಸಗೆಯಲ್ಲಿ ಬಂದ ಬೇಡಿಕೆಗಳನ್ನು ಒಪ್ಪಿಕೊಂಡು, ಹಣವನ್ನು ಪಡೆದು, ಸರಕನ್ನು ಮಾತ್ರ ತಮ್ಮ ತಂಪು ಉಗ್ರಾಣದಲ್ಲಿಯೇ ಗಿರಾಕಿಯ ಹೆಸರಿನಲ್ಲಿ ಕಾದಿರಿಸಿ, ಬಿಸಿಲು ಇಳಿದ ಶರತ್ಕಾಲದಲ್ಲಿ ಕಳುಹಿಸುವುದು ಅಲ್ಲಿ ರೂಢಿಯಾಗಿದೆ. ಕಳುಹಿಸಲೇಬೇಕಾದಾಗ ವಾರದ ಮೊದಲ ದಿನಗಳಲ್ಲಿಯೇ ಕಳುಹಿಸುತ್ತಾರೆ; ಶುಕ್ರವಾರ ಹೊರಟ ಪೆಟ್ಟಿಗೆಯು ಶನಿವಾರ ಭಾನುವಾರಗಳನ್ನು ತಂಪಿಲ್ಲದ ಯಾವುದೋ ಗೋದಾಮಿನಲ್ಲಿ ಕಳೆಯಬೇಕಾಗಿ ಬರಬಹುದು. ಮತ್ತೊಂದು ತೊಡಕೂ ಉಂಟು. ಮದ್ಯದ ಪೆಟ್ಟಿಗೆಯನ್ನು ಬಾಗಿಲಲ್ಲಿ ಇಟ್ಟುಹೋಗುವಂತಿಲ್ಲ. 21 ವರ್ಷ ತುಂಬಿದವರೊಬ್ಬರು ಸಹಿ ಹಾಕಿ ಪಡೆಯಬೇಕು. ಮನೆಯಲ್ಲಿ ಯಾರೂ ಇಲ್ಲವಾದರೆ ಪೆಟ್ಟಿಗೆಯು ಮತ್ತೆ ಗಾಡಿಯನ್ನೇರಿ ಊರೆಲ್ಲ ಸುತ್ತಿ ಮರುದಿನ ಬರುವುದು. ಆದುದರಿಂದ ಮನೆಗೆ ತರಿಸದೆ, ತಂಪಿನ ವ್ಯವಸ್ಥೆಯಿರುವ ಕಛೇರಿಗೋ ಅಂಗಡಿಗೋ ತರಿಸಿ ತಾವೇ ಹೋಗಿ ಪಡೆಯುವುದು ಜಾಣತನವೆಂದು ಬಲ್ಲ ಗಿರಾಕಿಗಳು ಅರಿತಿದ್ದಾರೆ.

ಈ ಮಾತುಗಳೆಲ್ಲ ನಮಗೆ ಪರದೇಶದ ಸುದ್ದಿಯಲ್ಲ. ಕಂವಲ್ ಗ್ರೋವರರು 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ದ್ರಾಕ್ಷಿಯ ತಳಿಗಳಿಂದ ವೈನಿನ ಉದ್ಯಮವನ್ನು ಆರಂಭಿಸಿದರು. 2007ರಲ್ಲಿ ರಾಜ್ಯಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ವಿಜಯಪುರ, ಬಾಗಲಕೋಟೆಗಳ ಕಡೆಯೂ ವೈನಿನ ದ್ರಾಕ್ಷಿ ಬೆಳೆಯುತ್ತಿದೆ. ನಮ್ಮ ರೈತರು ವರ್ಷಕ್ಕೆರಡು ಬಾರಿ ಚಾಟನಿ ಮಾಡಿ ಒಂದೇ ಫಸಲನ್ನು ತೆಗೆಯುವುದರಿಂದ ಕೊಯ್ಲು ಬರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಯುರೋಪಿನಲ್ಲಿ ಕೊಯ್ಲಿನ ಹಿಂದೆಯೇ ಚಳಿಗಾಲ ಬಂದು ಹೊಸ ವೈನನ್ನು ತಾನಾಗಿ ತಣಿಸಿದರೆ, ನಮ್ಮಲ್ಲಿ ಕೊಯ್ಲಿನ ಹಿಂದೆಯೇ ಬೇಸಗೆ ಬರುತ್ತದೆ. ಆದುದರಿಂದ ಇಲ್ಲಿ ಬೆಳಗಿನ ಜಾವದ ತಂಪಿನಲ್ಲಿ ಗೊಂಚಲು ಕೊಯ್ದು, ತಂಪುನೀರು ಹರಿಯುವ ಕವಚವುಳ್ಳ ಉಕ್ಕಿನ ತೊಟ್ಟಿಗಳಲ್ಲಿ ರಸವನ್ನು ಹುದುಗಿಸಬೇಕು. ಹುಟ್ಟಿದ ದಿನದಿಂದಲೇ ನಮ್ಮ ವೈನು ಬಿಸಿಲಿನೊಡನೆ ಹೋರಾಡುವ ಕೂಸು. ಇಷ್ಟು ಮುತುವರ್ಜಿಯಿಂದ ಬೆಳೆಸಿದುದನ್ನು ಏಪ್ರಿಲಿನಲ್ಲಿ ತಂಪಿಲ್ಲದ ಲಾರಿಯಲ್ಲಿ ಕಲಬುರಗಿಗೋ ರಾಯಚೂರಿಗೋ ಕಳುಹಿಸಿದರೆ, ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಕಾಪಾಡಿದುದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡಂತೆಯೇ ಸರಿ.

ನಮ್ಮ ದೇಶದಲ್ಲಿ ನಿಲುಗಡೆಗಳೂ ಹೆಚ್ಚು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮದ್ಯವು ಸೇರಿರುವುದರಿಂದ ಪ್ರತಿಯೊಂದು ರಾಜ್ಯದ ಸುಂಕವೂ ಪರವಾನಗಿಯೂ ಬೇರೆಬೇರೆ. ನಂದಿಯ ವೈನಿಗೆ ನೆರೆಯ ರಾಜ್ಯವೂ ಒಂದು ಪರದೇಶವೇ. ನಮ್ಮ ರಾಜ್ಯದೊಳಗೆ ಮದ್ಯದ ಸಗಟು ವಿತರಣೆಯನ್ನು ನಡೆಸಲು 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮವು ಸ್ಥಾಪಿತವಾಯಿತು. ಕಾರ್ಖಾನೆ, ಉಗ್ರಾಣ, ಲಾರಿ, ಅಂಗಡಿ ಎಂಬ ಈ ಸರಪಳಿಯಲ್ಲಿ ವಿಸ್ಕಿ ರಮ್ಮುಗಳ ಸೀಸೆಗಳ ಪಕ್ಕದಲ್ಲಿಯೇ ವೈನಿನ ಸೀಸೆಯೂ ಪಯಣಿಸುತ್ತದೆ. ಭಟ್ಟಿಯಿಳಿಸಿದ ಮದ್ಯವು ಬಿಸಿಗೆ ಅಷ್ಟಾಗಿ ಜಗ್ಗದು; ಅದರ ಜೊತೆಗಾರನಾದ ವೈನಾದರೋ ಹಾಗಲ್ಲವೆಂಬುದನ್ನು ಹೊತ್ತಿಳಿಸುವ ಹಮಾಲಿಯಿಂದ ಗಾಜಿನ ಕಪಾಟಿನಲ್ಲಿ ಬಿಸಿಲಿಗಿಟ್ಟು ಮೆರೆಸುವ ಅಂಗಡಿಯವನವರೆಗೆ ಪ್ರತಿಯೊಬ್ಬನೂ ಅರಿಯಬೇಕಾಗಿದೆ. ಸರಪಳಿಯ ಬಲವು ಅದರ ಅತ್ಯಂತ ಬಿಸಿಯಾದ ಕೊಂಡಿಯ ಬಲಕ್ಕಿಂತ ಹೆಚ್ಚಿನದಾಗದು.

ಕಡೆಯದಾಗಿ ಕೊಳ್ಳುವವರಿಗೆ ಕೆಲವು ಮಾತು. ಸೀಸೆಯನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಕೊರಳನ್ನು ನೋಡಿರಿ. ಬಿರಡೆಯು ಬಾಯಿಯ ಅಂಚನ್ನು ಮೀರಿ ಉಬ್ಬಿದ್ದರೆ, ಮೇಲುಹೊದಿಕೆಯ ಕೆಳಗೆ ಅಂಟಂಟಾದ ಕಲೆಯಿದ್ದರೆ, ಜೊತೆಯ ಸೀಸೆಗಳಿಗಿಂತ ದ್ರವದ ಮಟ್ಟವು ಕೆಳಗಿದ್ದರೆ, ಅದು ಬಿಸಿಲನ್ನು ಉಂಡಿದೆಯೆಂದು ತಿಳಿಯಬಹುದು. ತಿರುಪುಮುಚ್ಚಳದ ಸೀಸೆಯಲ್ಲಿ ಈ ಗುರುತುಗಳು ಸುಲಭವಾಗಿ ಕಾಣವು. ಅಲ್ಲಿ ಅಂಗಡಿಯ ನೆರಳನ್ನೇ ನಂಬಬೇಕು. ಅಂಗಡಿಯಿಂದ ಹೊರಟವರು ಕಾರಿನ ಹಿಂಭಾಗದಲ್ಲಿ ಸೀಸೆಯನ್ನಿಟ್ಟು ಮದುವೆಯ ಊಟಕ್ಕೆ ಇಳಿದುಬಿಟ್ಟರೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ದಾಟುವುದು ಅಪರೂಪವಲ್ಲವಾದ್ದರಿಂದ, ಫ್ರಾನ್ಸಿನಿಂದ ಬಂದ ರೀಫರಿನ ಶ್ರಮವೆಲ್ಲ ಆ ಎರಡು ಗಂಟೆಗಳಲ್ಲಿ ವ್ಯರ್ಥವಾಗುವುದು. ದೂರದಿಂದ ಬಂದ ಪೆಟ್ಟಿಗೆಯನ್ನು ಬಂದ ದಿನವೇ ತೆರೆದು ಕುಡಿಯುವ ಆತುರವೂ ಬೇಡ; ಕೆಲವು ದಿನ ತಂಪಿನಲ್ಲಿ ಅಲುಗಿಸದೆ ಇಡಿರಿ. ಮನೆಯಲ್ಲಿ ನೆಲಮಾಳಿಗೆಯಿಲ್ಲದವರು ಬಿಸಿಲು ಮುಟ್ಟದ ಒಳಕೋಣೆಯ ಕೆಳಗಪಾಟನ್ನು ಆರಿಸಿಕೊಳ್ಳುವುದು ಮೇಲು. ಬೇಸಗೆಯ ತಿಂಗಳುಗಳಲ್ಲಿಯಂತೂ ಫ್ರಿಜ್ಜಿನ ಕೆಳಗಣ ಅಂಕಣವು ಅಡಿಗೆಮನೆಯ ಕಪಾಟಿಗಿಂತ ಸಾವಿರ ಪಾಲು ಉತ್ತಮ.

ಎರಡು ಸಾವಿರ ವರ್ಷಗಳ ಈ ವ್ಯವಹಾರದಲ್ಲಿ ರಾಳ ಹೋಗಿ ರೀಫರ್ ಬಂದಿತು, ಮರದ ಹೊಟ್ಟು ಹೋಗಿ ಥರ್ಮೋಕೋಲ್ ಬಂದಿತು. ಆದರೂ ಇಂದಿಗೂ ಅತ್ಯಂತ ಅಗ್ಗವಾದ, ಅತ್ಯಂತ ನಂಬಿಕೆಯ ಉಪಾಯವು ಬಿಸಿಲಿಳಿಯುವವರೆಗೆ ಕಾಯುವುದೇ ಆಗಿದೆ. ಮೇ ತಿಂಗಳಿನಲ್ಲಿ ಬೇಕೆನಿಸಿದುದನ್ನು ನವೆಂಬರಿನಲ್ಲಿ ತರಿಸಿಕೊಳ್ಳಿರಿ. ಬಿರಡೆಯೂ ಉಳಿದೀತು, ರುಚಿಯೂ ಉಳಿದೀತು.